ಕಥೆಗೆ ಮಂಗಳ ಹಾಡುವ ಹಕ್ಕು

‘ಮಗಳು ಜಾನಕಿ’ ನಿಂತುಹೋಗಿ ವರ್ಷಗಳಾದವು. ಆದರೂ ಗಾಂಧಿಬಜಾರಿನಲ್ಲಿ ಹೂವು ಕೊಳ್ಳುವಾಗ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಪರಿಚಯದವರು ಎದುರಾದಾಗ, ಧಾರಾವಾಹಿಗಳ ಮಾತು ಬಂತೆಂದರೆ ಒಂದು ಪ್ರಶ್ನೆ ತಪ್ಪುವುದಿಲ್ಲ: ‘ಅದು ಮತ್ತೆ ಶುರುವಾಗಲ್ವಂತಾ?’ ಹೀಗೆ ಕೇಳುವವರಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಮಕ್ಕಳನ್ನು ವಿದೇಶಕ್ಕೆ ಕಳಿಸಿ ಚಾಮರಾಜಪೇಟೆಯ ಹಳೇ ಮನೆಯಲ್ಲಿ ಉಳಿದ ಅಜ್ಜಿಯರಿದ್ದಾರೆ. ಬರೀ ಒಂದು ಸೀರಿಯಲ್ ತಾನೇ ಎಂದು ಈ ಪ್ರಶ್ನೆಯನ್ನು ತಳ್ಳಿಹಾಕುವವರೂ ಇದ್ದಾರೆ. ನನಗೆ ಅದು ಸಾಧ್ಯವಿಲ್ಲ. ಎರಡು ವರ್ಷ ದಿನಾ ರಾತ್ರಿ ಜೊತೆಗಿದ್ದ ಕಥೆಯೊಂದು ಒಂದು ದಿನ ಹೇಳದೆ ಕೇಳದೆ ಎದ್ದುಹೋದರೆ, ನೋಡುವವರಿಗೆ ಆಗುವ ನೋವು ನಿಜವಾದದ್ದು. ಅದು ಹೇಗಾಗುತ್ತದೆ, ಯಾರು ಮಾಡುತ್ತಾರೆ, ತಪ್ಪಿಸಲು ದಾರಿ ಉಂಟೇ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ನಡೆದದ್ದು. ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರ ಜುಲೈನಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಆರಂಭವಾಯಿತು. ಗಾನವಿ ಲಕ್ಷ್ಮಣ್ ಜಾನಕಿಯಾದರು. ಸೀತಾರಾಮ್ ಎಂದಿನಂತೆ ಕರಿಕೋಟು ತೊಟ್ಟು ವಕೀಲ ಸಿ.ಎಸ್.ಪಿ. ಆದರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಲಾಕ್‌ಡೌನ್ ಬಂತು, ಎಲ್ಲ ಧಾರಾವಾಹಿಗಳ ಚಿತ್ರೀಕರಣ ನಿಂತಿತು. ಮೇ ತಿಂಗಳಲ್ಲಿ ಒಳಾಂಗಣ ಚಿತ್ರೀಕರಣಕ್ಕೆ ಸರ್ಕಾರ ಅನುಮತಿ ಕೊಟ್ಟ ಮೇಲೆ ಅನೇಕ ಧಾರಾವಾಹಿಗಳು ಹೊಸ ಕಂತುಗಳೊಂದಿಗೆ ಮರಳಿದವು. ಜಾನಕಿ ಮರಳಲಿಲ್ಲ. ಆರ್ಥಿಕ ಸಂಕಷ್ಟದಿಂದಾಗಿ ವಾಹಿನಿ ಧಾರಾವಾಹಿಯನ್ನು ನಿಲ್ಲಿಸುತ್ತಿದೆ ಎಂದು ಸೀತಾರಾಮ್ ಅವರೇ ವೀಕ್ಷಕರಿಗೆ ತಿಳಿಸಿದರು. ಮುಂದುವರಿಸಿ ಎಂದು ಬೇಡಿಕೊಂಡವರು ಬಹಳ ಮಂದಿ. ಕಥೆ ನಡುದಾರಿಯಲ್ಲಿತ್ತು, ಅಲ್ಲೇ ಉಳಿಯಿತು.

ಸೀತಾರಾಮ್ ಅವರ ವೀಕ್ಷಕರು ಇಷ್ಟೊಂದು ಹಚ್ಚಿಕೊಂಡಿದ್ದೇಕೆ ಎಂದು ತಿಳಿಯಲು 1998ಕ್ಕೆ ಹೋಗಬೇಕು. ಆ ವರ್ಷ ಬೆಂಗಳೂರು ದೂರದರ್ಶನದಲ್ಲಿ ‘ಮಾಯಾಮೃಗ’ ಶುರುವಾಯಿತು. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ದೈನಂದಿನ ಧಾರಾವಾಹಿ. ಮಾಳವಿಕಾ, ಅವಿನಾಶ್, ದತ್ತಣ್ಣ ಅಂಥವರು ಅದರಲ್ಲಿದ್ದರು. ಕೋರ್ಟು, ಕಚೇರಿ, ಮದುವೆ, ಸಾಲ, ನೌಕರಿ, ಪ್ರಾಮಾಣಿಕತೆ ಎಲ್ಲವೂ ಒಂದೇ ನಡುಮನೆಯಲ್ಲಿ ಕೂತು ಮಾತಾಡುತ್ತಿದ್ದವು. ಬಸವನಗುಡಿಯ ಮಧ್ಯಮವರ್ಗದ ಮನೆಗೆ ಅದು ತನ್ನದೇ ಮಾತಿನಂತೆ ಕೇಳಿತು. ಪಾತ್ರಗಳು ಕಿರುಚುತ್ತಿರಲಿಲ್ಲ, ವಾದಿಸುತ್ತಿದ್ದವು. ಕೆಟ್ಟವರಿಗೂ ಕಾರಣಗಳಿದ್ದವು. ಆಮೇಲೆ ಈಟಿವಿ ಕನ್ನಡದಲ್ಲಿ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ ಬಂದವು. ‘ಮುಕ್ತ ಮುಕ್ತ’ದ ಕಾಲದಲ್ಲಿ ಊರೂರುಗಳಲ್ಲಿ ಸಂವಾದಗಳೇ ನಡೆದವು, ಜನ ಧಾರಾವಾಹಿಯ ಪ್ರಶ್ನೆಗಳನ್ನು ಹಿಡಿದು ನಾಡಿನ ಪ್ರಶ್ನೆಗಳನ್ನು ಚರ್ಚಿಸಿದರು. ಇಂಥ ವೀಕ್ಷಕರು ಒಂದು ಕಥೆಯೊಂದಿಗೆ ಒಪ್ಪಂದ ಮಾಡಿಕೊಂಡಿರುತ್ತಾರೆ: ದಿನಾ ಬಂದು ಕೂರುತ್ತೇವೆ, ನೀವು ನಮ್ಮನ್ನು ಎಲ್ಲಿಗೋ ಕರೆದೊಯ್ಯಿರಿ. ಕಾಗದದ ಮೇಲೆ ಇರದ ಒಪ್ಪಂದ ಅದು. ಅದಕ್ಕೇ ಅದನ್ನು ಮುರಿಯುವುದು ಸುಲಭ.

ದೂರದರ್ಶನದ ಕಾಲದಲ್ಲಿ ಧಾರಾವಾಹಿಯ ಆಯುಸ್ಸನ್ನು ಹದಿಮೂರರ ಲೆಕ್ಕದಲ್ಲಿ ಅಳೆಯುತ್ತಿದ್ದರು. ವರ್ಷದ ಕಾಲುಭಾಗಕ್ಕೆ ಹದಿಮೂರು ವಾರ, ಹದಿಮೂರು ಕಂತು. ಮೊದಲು ಅಷ್ಟಕ್ಕೆ ಮಂಜೂರಾತಿ. ಚೆನ್ನಾಗಿ ಹೋದರೆ ‘ಎಕ್ಸ್‌ಟೆನ್ಷನ್’. ನಿರ್ಮಾಪಕರು ಪ್ರಾಯೋಜಕರನ್ನು ಹುಡುಕಿ ತರಬೇಕು, ಪ್ರಸಾರದ ಶುಲ್ಕ ಕಟ್ಟಬೇಕು, ಅದಕ್ಕೆ ಬದಲಾಗಿ ಸಿಗುವ ಜಾಹೀರಾತು ಸಮಯವನ್ನು ಮಾರಿಕೊಳ್ಳಬೇಕು. ಎಕ್ಸ್‌ಟೆನ್ಷನ್ ಕಡತ ಎಲ್ಲಿಗೆ ಬಂತೆಂದು ತಿಳಿಯಲು ಕಚೇರಿಗೆ ಅಲೆಯುವುದು ನಿರ್ಮಾಪಕರ ಕೆಲಸದ ಭಾಗವೇ ಆಗಿತ್ತು. ಆ ಪದ್ಧತಿಯ ಕಷ್ಟಗಳು ಬೇಕಾದಷ್ಟು. ಆದರೆ ಒಂದು ಗುಣವಿತ್ತು: ಕಥೆ ಬರೆಯುವವರಿಗೆ ತಮ್ಮ ಕೈಯಲ್ಲಿ ಎಷ್ಟು ಕಂತುಗಳಿವೆ ಎಂದು ಗೊತ್ತಿರುತ್ತಿತ್ತು.

ಆ ಅರಿವಿನಿಂದ ಏನಾಗಬಹುದು ಎಂಬುದಕ್ಕೆ ಸದಾನಂದ ಸುವರ್ಣರ ‘ಗುಡ್ಡದ ಭೂತ’ವೇ ಸಾಕ್ಷಿ. 1990ರ ದಶಕದ ಆರಂಭದ ಆ ಧಾರಾವಾಹಿ ಬರೀ ಹದಿಮೂರು ಕಂತುಗಳದ್ದು. ಕರಾವಳಿಯ ಹಳ್ಳಿ, ಒಂದು ಗುಡ್ಡ, ಭೂತದ ಭಯ, ಆ ಭಯದ ಹಿಂದಿನ ಮನುಷ್ಯರು, ತರುಣ ಪ್ರಕಾಶ್ ರೈ. ಗುಟ್ಟು ಬಿಚ್ಚಿಕೊಳ್ಳಬೇಕಾದ ಹೊತ್ತಿಗೆ ಬಿಚ್ಚಿಕೊಂಡಿತು, ಕಥೆ ಮುಗಿಯಿತು. ಮೂವತ್ತು ವರ್ಷಗಳ ಮೇಲೂ ಅದರ ಶೀರ್ಷಿಕೆ ಹಾಡನ್ನು ಗುನುಗುವವರಿದ್ದಾರೆ. ಅದು ಮುಂದುವರಿಯಬೇಕಿತ್ತು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಜನ ಅದನ್ನು ಇನ್ನೂ ನೆನೆಯುವುದಕ್ಕೆ ಅದು ತುಂಬಿದ ಕಥೆಯಾಗಿ ಮುಗಿದದ್ದೂ ಒಂದು ಕಾರಣ.

ಖಾಸಗಿ ವಾಹಿನಿಗಳು ಬಂದ ಮೇಲೆ ಲೆಕ್ಕ ಬದಲಾಯಿತು. 1994ರಲ್ಲಿ ಉದಯ ಟಿವಿ, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಇಂದಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ವಾಹಿನಿಯೇ ಧಾರಾವಾಹಿಯನ್ನು ಮಾಡಿಸುತ್ತದೆ. ನಿರ್ಮಾಪಕರಿಗೆ ಕಂತಿಗಿಷ್ಟು ಎಂದು ಹಣ. ಜಾಹೀರಾತಿನ ಲಾಭನಷ್ಟ ವಾಹಿನಿಯದು. ಕಥೆಯ ಹಕ್ಕೂ ಬಹುಮಟ್ಟಿಗೆ ವಾಹಿನಿಯದೇ. ವಾರಕ್ಕೆ ಐದೋ ಆರೋ ಕಂತು. ಕಥೆ ಎಷ್ಟು ದಿನ ಎಂಬುದಕ್ಕೆ ಮೊದಲೇ ಕೊಟ್ಟ ಉತ್ತರವಿಲ್ಲ. ಟಿಆರ್‌ಪಿ ಇರುವಷ್ಟು ದಿನ ಎಂಬುದೇ ಉತ್ತರ.

ಟಿಆರ್‌ಪಿ ಎಂಬುದು ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಲ್ಲ ತೀರ್ಮಾನಗಳೂ ಅಲ್ಲಿಂದಲೇ ಹೊರಡುತ್ತವೆ. 2015ರಿಂದ ನಮ್ಮ ದೇಶದಲ್ಲಿ ವೀಕ್ಷಕರ ಲೆಕ್ಕ ಇಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ಆಯ್ದ ಮನೆಗಳಲ್ಲಿ ಟಿವಿಗೆ ಒಂದು ಮೀಟರ್ ಜೋಡಿಸುತ್ತಾರೆ. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದ ಗುರುತೊಂದು ಬೆರೆತಿರುತ್ತದೆ. ಮೀಟರ್ ಅದನ್ನು ಹಿಡಿದು ಯಾವ ವಾಹಿನಿ ಎಷ್ಟು ಹೊತ್ತು ಓಡಿತೆಂದು ಬರೆದುಕೊಳ್ಳುತ್ತದೆ. ಮನೆಯವರು ಯಾರು ಕೂತಿದ್ದಾರೆಂದು ತಮ್ಮ ತಮ್ಮ ಗುಂಡಿ ಒತ್ತಿ ತಿಳಿಸಬೇಕು. ವಾರಕ್ಕೊಮ್ಮೆ, ಗುರುವಾರ, ಅಂಕಿಗಳು ಹೊರಬೀಳುತ್ತವೆ. 2020ರ ಹೊತ್ತಿಗೆ ದೇಶದಲ್ಲಿ ಟಿವಿ ಇದ್ದ ಮನೆಗಳು ಸುಮಾರು 21 ಕೋಟಿ. ಮೀಟರ್ ಇದ್ದವು ಸುಮಾರು 44,000. ಅಂದರೆ ಒಂದು ಮೀಟರ್ ಮನೆ ಹೆಚ್ಚುಕಡಿಮೆ 4,800 ಮನೆಗಳ ಪರವಾಗಿ ಮಾತಾಡುತ್ತಿತ್ತು.

ಮಾದರಿ ಲೆಕ್ಕವೆಂದರೆ ಹಾಗೆಯೇ. ಅದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಲೆಕ್ಕ ಏನನ್ನು ಎಣಿಸುತ್ತದೆ, ಏನನ್ನು ಎಣಿಸುವುದಿಲ್ಲ ಎಂಬುದು ಮುಖ್ಯ. ರಾತ್ರಿ ಟಿವಿ ಮುಂದೆ ಕೂತದ್ದನ್ನು ಎಣಿಸುತ್ತದೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಮೊಬೈಲಿನಲ್ಲಿ ನಿನ್ನೆಯ ಕಂತನ್ನು ನೋಡಿದವರು ಆ ಅಂಕಿಯಲ್ಲಿಲ್ಲ. ಸ್ಯಾನ್ ಹೋಸೆಯಲ್ಲಿ ಕೂತು ಆ್ಯಪ್‌ನಲ್ಲಿ ನೋಡಿ, ಮಲ್ಲೇಶ್ವರದ ಅಮ್ಮನಿಗೆ ಫೋನ್ ಮಾಡಿ ಜಗಳವಾಡಿದ ಮಗಳೂ ಇಲ್ಲ. ಅರ್ಧಂಬರ್ಧ ಕಿವಿಗೊಟ್ಟು ತರಕಾರಿ ಹೆಚ್ಚುತ್ತಾ ನೋಡಿದವರಿಗೂ, ಪ್ರತಿ ಸಂಭಾಷಣೆಯನ್ನು ಮನಸ್ಸಿಟ್ಟು ಕೇಳಿ ಮರುದಿನ ಅದರ ಬಗ್ಗೆ ಪತ್ರ ಬರೆದವರಿಗೂ ಆ ಲೆಕ್ಕದಲ್ಲಿ ಒಂದೇ ಬೆಲೆ. ಸಣ್ಣ ಸಂಖ್ಯೆಯ, ಗಾಢ ಪ್ರೀತಿಯ ವೀಕ್ಷಕರಿರುವ ಧಾರಾವಾಹಿಗೆ ಈ ಅಳತೆಗೋಲು ಒಗ್ಗುವುದಿಲ್ಲ. ಹಳೇ ಬೆಂಗಳೂರಿನ ಬಡಾವಣೆಗಳಲ್ಲಿ ಮನೆಮಾತಾದ ಕಥೆ ರಾಜ್ಯದ ಒಟ್ಟು ಲೆಕ್ಕದಲ್ಲಿ ಚಿಕ್ಕದಾಗಿ ಕಾಣಬಹುದು.

ಅಂಕಿ ಹಣವಾಗುವ ಬಗೆ ಇನ್ನೂ ಬಿಗಿ. ನಿಯಮದ ಪ್ರಕಾರ ಒಂದು ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ. ಅದರಲ್ಲಿ ಎರಡು ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಅರ್ಧ ಗಂಟೆಯ ಸ್ಲಾಟಿಗೆ ಉಳಿಯುವುದು ಐದು ನಿಮಿಷದ ಮಾರಾಟ. ಆ ಐದು ನಿಮಿಷ ಎಷ್ಟಕ್ಕೆ ಹೋಗುತ್ತದೆ ಎಂಬುದು ಟಿಆರ್‌ಪಿಯ ಮೇಲೆ. ಕಲರ್ಸ್ ಸೂಪರ್ 2016ರಲ್ಲಿ ಬಂದ ಎರಡನೇ ವಾಹಿನಿ, ದೊಡ್ಡ ವಾಹಿನಿಯ ತಂಗಿ. ಇಂಥ ವಾಹಿನಿಗಳಿಗೆ ನೋಡುಗರೂ ಕಡಿಮೆ, ಜಾಹೀರಾತಿನ ದರವೂ ಕಡಿಮೆ. 2020ರಲ್ಲಿ ಅಂಗಡಿ ಮುಂಗಟ್ಟುಗಳೇ ಮುಚ್ಚಿ ಜಾಹೀರಾತು ಕುಸಿದಾಗ ಮೊದಲ ಪೆಟ್ಟು ತಿಂದದ್ದು ಅವೇ. ಅದೇ ಹೊತ್ತಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತ್ತು. ಲಾಕ್‌ಡೌನಿನಲ್ಲಿ ಹಿಂದಿಯಿಂದ ಕನ್ನಡಕ್ಕೆ ಬಂದ ‘ಮಹಾಭಾರತ’ ಮನೆಮನೆ ತಲುಪಿತು. ಸಿದ್ಧವಾದ ಕಥೆಗೆ ಧ್ವನಿ ಕೊಡಿಸುವುದಕ್ಕೂ, ನಟರು, ತಂತ್ರಜ್ಞರು, ಲೈಟ್‌ಬಾಯ್‌ಗಳೆಲ್ಲರನ್ನೂ ಸೇರಿಸಿ ಹೊಸ ಕಂತು ಚಿತ್ರೀಕರಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಡಬ್ಬಿಂಗನ್ನು ನಾನು ದೂರುತ್ತಿಲ್ಲ. ಕನ್ನಡದಲ್ಲಿ ಮಹಾಭಾರತ ನೋಡಿ ಸಂತೋಷಪಟ್ಟವರ ಸಂತೋಷವೂ ನಿಜವೇ. ಆದರೆ ಒಂದು ಮೂಲ ಧಾರಾವಾಹಿಯನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ತೂಗುವ ಮೇಜಿನ ಮೇಲೆ ಈ ಲೆಕ್ಕವೂ ಇರುತ್ತದೆ ಎಂಬುದನ್ನು ತಿಳಿದಿರಬೇಕು.

ಟಿಆರ್‌ಪಿಯ ಇನ್ನೊಂದು ತುದಿಯಲ್ಲಿರುವುದು ಮುಗಿಯಲಾರದ ಕಥೆ. ಹಿಂದಿಯ ‘ಬಾಲಿಕಾ ವಧು’ವಿನಿಂದ ಬಂದ ‘ಪುಟ್ಟಗೌರಿ ಮದುವೆ’ 2012ರ ಕೊನೆಗೆ ಶುರುವಾಗಿ 2019ರವರೆಗೆ, ಆರು ವರ್ಷಕ್ಕೂ ಮೀರಿ ಓಡಿತು. ಬಾಲ್ಯವಿವಾಹದ ಪ್ರಶ್ನೆಯಿಂದ ಹೊರಟ ಕಥೆ ದಾರಿಯಲ್ಲಿ ಏನೇನೋ ಆಯಿತು. ಚೆನ್ನಾಗಿ ಓಡುವ ಧಾರಾವಾಹಿಯನ್ನು ಎಳೆಯುವುದು, ಓಡದ ಧಾರಾವಾಹಿಯನ್ನು ಕತ್ತರಿಸುವುದು ಎರಡೂ ಒಂದೇ ಪದ್ಧತಿಯ ಫಲ. ಎರಡರಲ್ಲೂ ಕಥೆ ಎಲ್ಲಿ ಮುಗಿಯಬೇಕೆಂದು ಕಥೆಯನ್ನು ಕೇಳುವವರಿಲ್ಲ.

ಅಭಿಮಾನಿಗಳು ಗಟ್ಟಿಯಾಗಿ ಕೂಗಿದರೆ ಏನಾದರೂ ಆಗುತ್ತದೆಯೇ? ಆದದ್ದುಂಟು. ಅಮೆರಿಕದಲ್ಲಿ ಎನ್‌ಬಿಸಿ ವಾಹಿನಿಯಲ್ಲಿ 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಎರಡನೇ ವರ್ಷಕ್ಕೇ ನಿಲ್ಲುವ ಹಾದಿಯಲ್ಲಿತ್ತು. ಬಿಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿ ಮುಂದೆ ನಿಂತು ನಡೆಸಿದ ಪತ್ರ ಚಳವಳಿಗೆ ವಾಹಿನಿ ಮಣಿಯಿತು; 1968ರಲ್ಲಿ ಪರದೆಯ ಮೇಲೇ ಮುಂದುವರಿಕೆಯನ್ನು ಘೋಷಿಸಿತು. ಆದರೆ ಮೂರನೇ ವರ್ಷದ ಬಜೆಟ್ ಕಡಿಮೆಯಾಯಿತು. ಸಮಯ ಶುಕ್ರವಾರ ರಾತ್ರಿ ಹತ್ತಕ್ಕೆ ಹೋಯಿತು. ಆ ಕಥೆಯನ್ನು ಪ್ರೀತಿಸುತ್ತಿದ್ದ ಹುಡುಗ ಹುಡುಗಿಯರು ಮನೆಯಲ್ಲಿ ಇರದ ಹೊತ್ತು ಅದು. 1969ರಲ್ಲಿ, 79 ಕಂತುಗಳಿಗೆ, ಅದು ನಿಂತೇಹೋಯಿತು. ಅದಕ್ಕೆ ಎರಡನೇ ಜೀವ ಬಂದದ್ದು 1970ರ ದಶಕದಲ್ಲಿ, ಸ್ಥಳೀಯ ಕೇಂದ್ರಗಳ ಮರುಪ್ರಸಾರದಿಂದ. ಚಳವಳಿ ತಂದದ್ದು ಒಂದು ವರ್ಷ. ಬದುಕಿಸಿದ್ದು ಮಾತ್ರ ಜೋಪಾನವಾಗಿ ಉಳಿದಿದ್ದ ಹಳೆಯ ಕಂತುಗಳು ಮತ್ತೆ ಜನರ ಕಣ್ಣಿಗೆ ಬಿದ್ದದ್ದು. ಈ ಎರಡನೆಯ ಪಾಠ ನಮಗೆ ಬಹಳ ಮುಖ್ಯ.

ನಮ್ಮಲ್ಲೂ ಕಥೆಗಳು ಮರಳಿ ಬಂದಿವೆ. ಶಂಕರ್ ನಾಗ್ ಆಗುಂಬೆಯಲ್ಲಿ ಬೀಡುಬಿಟ್ಟು ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ನ 39 ಕಂತುಗಳನ್ನು ನಿರ್ದೇಶಿಸಿದರು. 1990ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಕಂತುಗಳನ್ನು ಮಾಡಿದರು. ಬಿಡಿಬಿಡಿ ಕಥೆಗಳ ಮಾಲೆಯಾದ್ದರಿಂದ ಅದನ್ನು ಬೇರೊಬ್ಬರು ಮುಂದುವರಿಸಲು ಸಾಧ್ಯವಾಯಿತು. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಕೂಡ 2018ರಲ್ಲಿ ಚಿದಾನಂದ, ಶಾಲಿನಿ ಅವರ ಅದೇ ಜೋಡಿಯೊಂದಿಗೆ ಮರಳಿತು. ದಿನಕ್ಕೊಂದು ನಗೆಪ್ರಸಂಗಕ್ಕೂ ಈ ಸೌಲಭ್ಯ ಇದೆ. ಒಂದೇ ದಾರದಲ್ಲಿ ಪೋಣಿಸಿದ ಕಥೆಗೆ ಅದಿಲ್ಲ. ಅಲ್ಲಿ ನಟರ ವಯಸ್ಸು, ಬಿಟ್ಟುಹೋದವರ ಜಾಗ, ಬರೆದವರ ಮನಸ್ಸಿನ ಕಾವು ಎಲ್ಲವೂ ಕಾಲಕ್ಕೆ ಸಿಕ್ಕುತ್ತವೆ.

ಆದರೂ ಸೀತಾರಾಮ್ ಬಳಗ 2022ರ ಅಕ್ಟೋಬರ್ ಕೊನೆಗೆ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ವನ್ನು ತಂದಿತು. 1998ರ ಪಾತ್ರಗಳಿಗೆ ವಯಸ್ಸಾಗಿತ್ತು, ಅವರ ಮಕ್ಕಳು ದೊಡ್ಡವರಾಗಿದ್ದರು. ಇಪ್ಪತ್ತನಾಲ್ಕು ವರ್ಷಗಳ ಅಂತರವನ್ನೇ ಕಥೆಯೊಳಗೆ ತಂದುಕೊಂಡರು. ಅದು ಸಾಧ್ಯವಾದದ್ದು ಹಳೆಯ ‘ಮಾಯಾಮೃಗ’ ತನ್ನ ದಾರಿ ನಡೆದು ಮುಗಿದಿದ್ದರಿಂದ ಎಂದು ನನ್ನ ನಂಬಿಕೆ. ಮುಗಿದ ಕಥೆಯ ಮೇಲೆ ಇನ್ನೊಂದು ಕಥೆ ಕಟ್ಟಬಹುದು. ಕತ್ತರಿಸಿ ಬಿಟ್ಟ ಕಥೆಯನ್ನು ಕಟ್ಟಲು ಹೊರಟರೆ ಮೊದಲು ಗಾಯವನ್ನೇ ಕೂಡಿಸಬೇಕು.

‘ಬೇರೆ ಚಾನೆಲ್‌ನಲ್ಲಿ ಮುಂದುವರಿಸಬಾರದೇ’ ಎಂದು ಕೇಳುವವರಿಗೆ ಕಾನೂನಿನ ಮಾತೊಂದನ್ನು ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಚಿತ್ರ ಮಾಡಿಸಿದವರೇ ಅದರ ಮೊದಲ ಒಡೆಯರು. 2012ರ ತಿದ್ದುಪಡಿ ಚಿತ್ರಕಥೆ, ಹಾಡು ಬರೆದವರಿಗೆ ಗೌರವಧನದ ಹಕ್ಕನ್ನು ಗಟ್ಟಿಮಾಡಿತು. ಆದರೆ ಅದೇ ಹೆಸರು, ಅದೇ ಪಾತ್ರ, ಅದೇ ಕಥೆಯನ್ನು ಇನ್ನೊಂದು ವಾಹಿನಿಗೆ ಒಯ್ಯಬೇಕಾದರೆ ಮಾಡಿಸಿದ ವಾಹಿನಿಯ ಒಪ್ಪಿಗೆ ಬೇಕೇ ಬೇಕಾಗುತ್ತದೆ. ನಿರ್ದೇಶಕರಿಗೆ ಇಷ್ಟ ಇದ್ದರಷ್ಟೇ ಸಾಲದು. ಕಥೆಯನ್ನು ನಿಲ್ಲಿಸುವ ಅಧಿಕಾರ, ಅದು ಬೇರೆಡೆ ಬದುಕದಂತೆ ಇಟ್ಟುಕೊಳ್ಳುವ ಅಧಿಕಾರ ಎರಡೂ ಒಂದೇ ಕೈಯಲ್ಲಿವೆ.

ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲು ಮೈದಾನದಲ್ಲಿ ರಾಮನವಮಿಗೆ ಸಂಗೀತ ನಡೆಸುತ್ತಾ ಬಂದ ಶ್ರೀರಾಮಸೇವಾ ಮಂಡಲಿ 1939ರದ್ದು. ಅಲ್ಲಿ ಕೂತು ಸಂಗೀತ ಕೇಳಿ ಬೆಳೆದವರಿಗೆ ಒಂದು ಮಾತು ರಕ್ತಗತ: ಕಛೇರಿ ಎಷ್ಟೇ ತಡವಾಗಲಿ, ಜನ ಎಷ್ಟೇ ಕರಗಿರಲಿ, ಮಂಗಳ ಹಾಡದೆ ವಿದ್ವಾಂಸರು ವೇದಿಕೆ ಇಳಿಯುವುದಿಲ್ಲ. ಸಮಯ ಸಾಲದಿದ್ದರೆ ತನಿ ಆವರ್ತನ ಚಿಕ್ಕದಾಗುತ್ತದೆ, ಒಂದೆರಡು ದೇವರನಾಮ ಬಿಟ್ಟುಹೋಗುತ್ತವೆ. ಮಂಗಳ ಬಿಡುವುದಿಲ್ಲ. ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳದ್ದೂ ಇದೇ ಶಿಸ್ತು. ‘ಸುಧಾ’, ‘ತರಂಗ’, ‘ಪ್ರಜಾಮತ’ಗಳಲ್ಲಿ ವಾರವಾರ ಕಾದು ಓದಿದವರು ಇಲ್ಲಿನ ಬೀದಿಬೀದಿಯಲ್ಲಿದ್ದರು, ಓದುಗರು ಕಥೆಯ ಕೊನೆ ತಲುಪಬೇಕೆಂಬ ಜವಾಬ್ದಾರಿಯನ್ನು ಸಂಪಾದಕರು ತಮ್ಮದೆಂದುಕೊಂಡಿದ್ದರು. ಟಿವಿಯ ಧಾರಾವಾಹಿ ಈ ಪರಂಪರೆಯ ಮಗು. ಅದಕ್ಕೆ ಮಾತ್ರ ಈ ಮರ್ಯಾದೆ ಬೇಡವೆನ್ನಲು ಕಾರಣವಿಲ್ಲ.

ಹಾಗಾಗಿ ‘ನಿಲ್ಲಿಸಬೇಡಿ’ ಎಂಬ ಬೇಡಿಕೆಗಿಂತ ‘ಮುಗಿಸಲು ಬಿಡಿ’ ಎಂಬ ಬೇಡಿಕೆ ನ್ಯಾಯವೂ ಹೌದು, ಸಾಧ್ಯವೂ ಹೌದು. ನಷ್ಟದಲ್ಲಿ ನಡೆಯುತ್ತಿರುವ ಧಾರಾವಾಹಿಯನ್ನು ವಾಹಿನಿ ಎಂದೆಂದಿಗೂ ಹೊತ್ತುಕೊಂಡಿರಲಿ ಎಂದು ಕೇಳಲಾಗದು. ಅಲ್ಲೂ ಸಂಬಳ ಕೊಡಬೇಕಾದವರಿದ್ದಾರೆ. ಆದರೆ ವಾಹಿನಿ ಮತ್ತು ನಿರ್ಮಾಪಕರ ಒಪ್ಪಂದದಲ್ಲಿ ಮುಕ್ತಾಯಕ್ಕೆಂದೇ ಹದಿನೈದೋ ಇಪ್ಪತ್ತೋ ಕಂತುಗಳನ್ನು ಕಾದಿಡಬಹುದು. ನಿಲ್ಲಿಸುವ ತೀರ್ಮಾನವನ್ನು ಒಂದು ತಿಂಗಳು ಮುಂಚೆ ಬರೆಯುವವರಿಗೆ ತಿಳಿಸಿದರೆ ಅನುಭವಿ ಲೇಖಕರು ಕಥೆಯನ್ನು ದಡ ಮುಟ್ಟಿಸಬಲ್ಲರು. ಅಷ್ಟೂ ಆಗದಿದ್ದರೆ, ಎರಡು ವರ್ಷಗಳಾದರೂ ವಾಹಿನಿ ಮುಂದುವರಿಸದ ಕಥೆಯ ಹಕ್ಕು ಬರೆದವರಿಗೆ ಮರಳುವಂತೆ ಒಂದು ಸಾಲು ಸೇರಿಸಬಹುದು. ಆಗ ಅವರು ಪುಸ್ತಕ ಬರೆದಾದರೂ, ನಾಟಕ ಕಟ್ಟಿಯಾದರೂ ಕಥೆಯನ್ನು ಮುಗಿಸಿಕೊಡುತ್ತಾರೆ.

ದೂರದರ್ಶನ ಚಂದನಕ್ಕೂ ಇಲ್ಲಿ ಒಂದು ಕೆಲಸವಿದೆ. ಹದಿಮೂರು, ಇಪ್ಪತ್ತಾರು, ಐವತ್ತೆರಡು ಕಂತುಗಳ ಗಡಿಯಿಟ್ಟು ಕಥೆ ಹೇಳಿಸುವ ಹಳೆಯ ಶಿಸ್ತು ಅದರ ಮನೆಯದೇ. ಟಿಆರ್‌ಪಿಯ ಹಂಗು ಎಲ್ಲರಿಗಿಂತ ಕಡಿಮೆ ಇರುವುದೂ ಅದಕ್ಕೇ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ‘ವೇವ್ಸ್’ ಎಂಬ ಒಟಿಟಿಯನ್ನೂ ತೆರೆದಿದೆ. ಹೊಸ ಕಥೆಗಳಿಗೂ ಹಳೆಯ ಕಂತುಗಳಿಗೂ ಅಲ್ಲಿ ಜಾಗ ಮಾಡಬಹುದು. ಖಾಸಗಿ ಆ್ಯಪ್‌ಗಳನ್ನು ಮಾತ್ರ ನೆಚ್ಚಿ ಕೂರುವಂತಿಲ್ಲ. ‘ಮಗಳು ಜಾನಕಿ’ಯ ಕಾಲದಲ್ಲಿ ಆ ವಾಹಿನಿ ಸಮೂಹದ ಆ್ಯಪ್ ಆಗಿದ್ದ ವೂಟ್ 2023ರಲ್ಲಿ ಜಿಯೋಸಿನಿಮಾದಲ್ಲಿ ಸೇರಿತು; 2025ರಲ್ಲಿ ಅದೂ ಜಿಯೋಹಾಟ್‌ಸ್ಟಾರ್ ಆಯಿತು. ಕಂಪನಿಗಳು ಕೂಡುವಾಗ, ಒಡೆಯುವಾಗ ಹಳೆಯ ಕಂತುಗಳ ಗತಿಯನ್ನು ನೋಡಿಕೊಳ್ಳುವವರು ಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿ ಸಿನಿಮಾಗಳ ಜೊತೆಗೆ ಧಾರಾವಾಹಿಗಳ ಪ್ರತಿಗಳನ್ನೂ ಸಂಗ್ರಹಿಸಿಡುವ ಹೊಣೆ ಹೊತ್ತರೆ, ಕಳೆದ ನಲವತ್ತು ವರ್ಷಗಳ ಕನ್ನಡ ಕುಟುಂಬದ ಮಾತು, ಉಡುಗೆ, ಜಗಳ, ಆಸೆಗಳ ದಾಖಲೆಯೇ ಉಳಿಯುತ್ತದೆ.

ವೀಕ್ಷಕರು ಮಾಡಬೇಕಾದದ್ದೂ ಇದೆ. ನಿಮ್ಮ ಮೆಚ್ಚಿನ ಧಾರಾವಾಹಿ ನಿಲ್ಲುತ್ತದೆಂಬ ಸುದ್ದಿ ಬಂದಾಗ ನಟರನ್ನೋ ನಿರ್ದೇಶಕರನ್ನೋ ಬೈಯಬೇಡಿ; ಬಹಳ ಸಲ ತೀರ್ಮಾನ ಅವರ ಕೈಯಲ್ಲಿರುವುದಿಲ್ಲ. ವಾಹಿನಿಯ ಕಾರ್ಯಕ್ರಮ ವಿಭಾಗಕ್ಕೆ ಬರೆಯಿರಿ. ಆ ಸ್ಲಾಟಿನಲ್ಲಿ ಜಾಹೀರಾತು ಕೊಡುವ ಕಂಪನಿಗೂ ಬರೆಯಿರಿ. ಐದು ನಿಮಿಷದ ಲೆಕ್ಕ ಶುರುವಾಗುವುದು ಅಲ್ಲಿಂದ. ಕಥೆ ಬರುವ ಹೊತ್ತಿಗೆ ಟಿವಿಯಲ್ಲೇ ನೋಡಲು ಆಗುವುದಾದರೆ ಟಿವಿಯಲ್ಲೇ ನೋಡಿ. ನಿಮ್ಮ ಮನೆಯಲ್ಲಿ ಮೀಟರ್ ಇಲ್ಲದಿರಬಹುದು, ಆದರೆ ಎಲ್ಲರೂ ಮೊಬೈಲಿಗೆ ಸರಿದರೆ ಮೀಟರ್ ಇರುವ ಮನೆಯೂ ಸರಿದಿರುತ್ತದೆ. ಕೇಳುವಾಗ ಸ್ಪಷ್ಟವಾಗಿ ಕೇಳಿ: ಇನ್ನೂ ಐದು ವರ್ಷ ಎಳೆಯಿರಿ ಎಂದಲ್ಲ, ಕಥೆಗೆ ತಕ್ಕ ಕೊನೆ ಕೊಡಿ ಎಂದು.

‘ಮಗಳು ಜಾನಕಿ’ ಮರಳಿ ಬರುತ್ತದೆಯೇ ಎಂಬುದನ್ನು ತೀರ್ಮಾನಿಸಬಲ್ಲವರು ಅದರ ಹಕ್ಕನ್ನು ಹೊಂದಿದವರು. ಅವರಲ್ಲಿ ನನ್ನ ವಿನಂತಿ ಸಣ್ಣದು. ನೂರಾರು ಕಂತುಗಳು ಬೇಡ. ಹದಿಮೂರು ಕಂತು ಕೊಡಿ. ಆ ಕಥೆಯನ್ನು ಶುರುಮಾಡಿದವರೇ ಅದನ್ನು ಮುಗಿಸಲಿ. ಮುಂದೆ ಒಪ್ಪಂದಕ್ಕೆ ಸಹಿ ಹಾಕುವ ಪ್ರತಿಯೊಂದು ಕನ್ನಡ ಧಾರಾವಾಹಿಯ ಕಾಗದದಲ್ಲೂ ಆ ಹದಿಮೂರು ಕಂತುಗಳು ಮೊದಲ ದಿನದಿಂದಲೇ ಬರೆದಿರಲಿ.